ಉಂಡದ್ದು ಮೈಗೆ ಹತ್ತಬೇಕು

(ಅಂಗನವಾಡಿ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು ಮತ್ತು ಗೃಹವಿಜ್ಞಾನದ ವಿದ್ಯಾರ್ಥಿಗಳ ಮುಂದೆ, ಊರಲ್ಲಿ ಪೌಷ್ಟಿಕ ಅಡುಗೆಯ ಕಾರ್ಯಾಗಾರ ನಡೆಸುವ ಬಗೆ ಕುರಿತು ಆಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ ಬಂತೆಂದರೆ ಪೋಷಣ್ ಮಾಸ. ಅಂಗನವಾಡಿ ಅಂಗಳದಲ್ಲಿ ಕಾಳು ತರಕಾರಿಗಳ ರಂಗೋಲಿ, ಮೇಜಿನ ಮೇಲೆ ಸಾಲು ತಟ್ಟೆ, ಪ್ರತಿ ತಟ್ಟೆಯ ಮುಂದೆ ಒಂದು ಚೀಟಿ: ಪ್ರೋಟೀನ್, ಕಬ್ಬಿಣಾಂಶ, ಎ ಜೀವಸತ್ವ. ಗರ್ಭಿಣಿಯರಿಗೆ ಸೀಮಂತ, ಕೂಸುಗಳಿಗೆ ಅನ್ನಪ್ರಾಶನ, ಫೋಟೊ, ಚಪ್ಪಾಳೆ. ಅದೇ ಸಂಜೆ ಅದೇ ಹೆಂಗಸರು ಮನೆಗೆ ಹೋಗಿ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆದು, ಬೇಯಿಸಿ, ಬಸಿದ ನೀರನ್ನು ಬಚ್ಚಲಿಗೆ ಚೆಲ್ಲಿ ಪಲ್ಯ ಮಾಡುತ್ತಾರೆ. ಉಂಡು ಕೈ ತೊಳೆದ ತಕ್ಷಣ ಟೀ ಕುಡಿಯುತ್ತಾರೆ. ತಟ್ಟೆ ಮುಂದಿನ ಚೀಟಿಗೂ ಈ ಒಲೆಗೂ ಸಂಬಂಧವೇ ಬೆಳೆಯಲಿಲ್ಲ.

ನಮ್ಮ ರಾಜ್ಯಕ್ಕೆ ಇದು ಹೊಸ ಕೆಲಸವೇನಲ್ಲ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಪ್ರಾಯೋಗಿಕವಾಗಿ ಶುರುವಾದ ಅಂಗನವಾಡಿ ಕಾರ್ಯಕ್ರಮಕ್ಕೆ ಐವತ್ತು ವರ್ಷ ತುಂಬಿದೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು, 2017ರಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟದ ಮಾತೃಪೂರ್ಣ ಬಂತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ನೋಡಿ: 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಬಡತನ, ಜಂತುಹುಳ, ಮೇಲಿಂದ ಮೇಲೆ ಬಸಿರು, ಕೊನೆಗೆ ಉಣ್ಣುವವಳಿಗೆ ಉಳಿದಷ್ಟೇ ಊಟ, ಎಲ್ಲವೂ ಇದರ ಹಿಂದಿವೆ. ಅಡುಗೆ ಕಾರ್ಯಾಗಾರದಿಂದ ಇವೆಲ್ಲ ಸರಿಹೋಗುತ್ತವೆ ಎಂದು ನಾನು ಹೇಳಿದರೆ ನಂಬಬೇಡಿ. ಇರುವ ರಾಗಿ, ಇರುವ ಸೊಪ್ಪು, ಇರುವ ಕಾಳಿನಲ್ಲೇ ಮೈಗೆ ಹತ್ತದೆ ಹೋಗುವ ಪಾಲು ಒಂದಿದೆ. ನಮ್ಮ ಕೈಗೆ ಸಿಗುವುದು ಅದು. ‘ಉಂಡದ್ದು ಮೈಗೆ ಹತ್ತಲಿಲ್ಲ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಪೋಷಕಾಂಶದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ಪ್ರಾತ್ಯಕ್ಷಿಕೆಯಲ್ಲಿ ‘ಜೈವಿಕ ಲಭ್ಯತೆ’ ಅನ್ನಬೇಡಿ, ಮೈಗೆ ಹತ್ತುವುದು ಅನ್ನಿ.

ಒಲೆ ಹಚ್ಚುವ ಮೊದಲು ಕೇಳಬೇಕಾದ್ದಿದೆ. ಕಾರ್ಯಾಗಾರಕ್ಕೆ ಎರಡು ಮೂರು ದಿನ ಮುಂಚೆ ಆ ಬೀದಿಯ ಎಂಟು ಹತ್ತು ಮನೆಗೆ ಹೋಗಿ, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹಾಕಿಕೊಂಡದ್ದೆಲ್ಲ ಏನೇನು ಎಂದು ಕೇಳಿ ಬರೆದುಕೊಳ್ಳಿ. ‘ಏನು ತಿಂತೀರಿ’ ಎಂದು ಕೇಳಿದರೆ ‘ಎಲ್ಲಾ ತಿಂತೀವಿ’ ಎಂದೇ ಉತ್ತರ. ನಿನ್ನೆ ಅಂದರೆ ಮಾತ್ರ ನಿಜ ಹೊರಬರುತ್ತದೆ. ಅದರಲ್ಲೂ ‘ಸಾರು’ ಅಂದರೆ ನಿಲ್ಲಬೇಡಿ. ಎಷ್ಟು ಜನಕ್ಕೆ ಎಷ್ಟು ಬೇಳೆ ಹಾಕಿದಿರಿ, ನಿಮ್ಮ ತಟ್ಟೆಗೆ ಬಂದದ್ದು ತಿಳಿಯೋ ಗಟ್ಟಿಯೋ ಎಂದು ಕೇಳಿ. ಆರು ಜನಕ್ಕೆ ಒಂದು ಹಿಡಿ ಬೇಳೆ ಹಾಕಿದ ಸಾರನ್ನು ಬೇಳೆಯ ಲೆಕ್ಕಕ್ಕೆ ಸೇರಿಸುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಈ ಪಟ್ಟಿಯನ್ನು ಹತ್ತು ಗುಂಪಾಗಿ ವಿಂಗಡಿಸಿ: ಧಾನ್ಯ ಗಡ್ಡೆ, ಬೇಳೆಕಾಳು, ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಹಳದಿ-ಕಿತ್ತಳೆ ಬಣ್ಣದ ಹಣ್ಣು ತರಕಾರಿ, ಉಳಿದ ತರಕಾರಿ, ಉಳಿದ ಹಣ್ಣು. ಹೆಂಗಸೊಬ್ಬಳ ನಿನ್ನೆಯ ಊಟದಲ್ಲಿ ಇವುಗಳಲ್ಲಿ ಐದಾದರೂ ಇರಬೇಕು. ಹೆಚ್ಚಿನ ಮನೆಗಳಲ್ಲಿ ಯಾವ ಗುಂಪು ಖಾಲಿ ಇದೆಯೋ ಅದೇ ನಿಮ್ಮ ಕಾರ್ಯಾಗಾರದ ವಿಷಯ. ಎಲ್ಲ ಊರಿಗೂ ಒಂದೇ ಪಾಠ ಒಯ್ಯಬೇಡಿ. ಮಂಡ್ಯದ ಕಡೆ ಮುದ್ದೆ ಬಸ್ಸಾರು ಉಣ್ಣುವ ಮನೆಯಲ್ಲಿ ಹಣ್ಣು ಕಾಣದಿರಬಹುದು. ಕಲಬುರಗಿ ಕಡೆ ರೊಟ್ಟಿಗೆ ಶೇಂಗಾ ಚಟ್ನಿ, ಹಸಿ ತಪ್ಪಲು, ಪುಂಡಿಪಲ್ಯ ಇದ್ದು ಹಾಲು ಮೊಸರು ಕಡಿಮೆ ಇರಬಹುದು. ಹಸಿ ಮೆಂತ್ಯೆ ತಪ್ಪಲನ್ನು ಉಳ್ಳಾಗಡ್ಡಿ ಜೊತೆ ಕಚ್ಚಿ ತಿನ್ನುವವರಿಗೆ ಸಲಾಡ್ ಮಾಡುವುದು ಹೇಗೆಂದು ಕಲಿಸಲು ಹೋಗುವವರೂ ಇದ್ದಾರೆ. ನಗಬೇಡಿ, ಇದ್ದಾರೆ.

ಜನ ಹದಿನೈದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿಗೆ ಪಾತ್ರೆಯೊಳಗಿನದು ಕಾಣುವುದಿಲ್ಲ. ಕಾಣದ ಅಡುಗೆ ಭಾಷಣವಾಗುತ್ತದೆ. ಕೂಲಿ ಇರುವ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಬರುವವರು ಬೇರೆ, ಅಡುಗೆ ಮಾಡುವವರು ಬೇರೆ. ಮಗುವಿನ ಊಟದ ಪ್ರಾತ್ಯಕ್ಷಿಕೆಗೆ ತಾಯಿಯನ್ನಷ್ಟೇ ಕರೆಯಬೇಡಿ, ಅತ್ತೆಯನ್ನೂ ಕೂರಿಸಿ. ‘ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ’ ಎಂಬ ತೀರ್ಪು ಬರುವುದು ಅವರಿಂದ. ಸೌಟು ಅವರ ಕೈಗೇ ಕೊಟ್ಟರೆ ಅರ್ಧ ಕೆಲಸ ಆದಂತೆ.

ಈಗ ಸೊಪ್ಪಿಗೆ ಬರೋಣ. ದೊಡ್ಡವರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕು. ನಾಲ್ಕು ಜನಕ್ಕೆ 400 ಗ್ರಾಂ, ಅದೂ ಬೇರು ದಪ್ಪ ದಂಟು ತೆಗೆದು ಬಿಡಿಸಿದ ಮೇಲಿನ ತೂಕ. ಇದನ್ನು ತಕ್ಕಡಿಯಲ್ಲಿ ತೂಗಿ ಮೊರದಲ್ಲಿ ಹರಡಿ ತೋರಿಸಿ. ಮೊರ ತುಂಬುತ್ತದೆ. ‘ಅಯ್ಯೋ ಇಷ್ಟೊಂದಾ’ ಅನ್ನುತ್ತಾರೆ. ಬೆಂದ ಮೇಲೆ ಅದೇ ಸೊಪ್ಪು ಸಣ್ಣ ಬಟ್ಟಲಿಗೆ ಇಳಿದಾಗ ಸುಮ್ಮನಾಗುತ್ತಾರೆ. ಮೊದಲು ತೊಳೆಯುವುದು: ಎರಡು ಮೂರು ನೀರಲ್ಲಿ ಮುಳುಗಿಸಿ ಮೇಲೆತ್ತಬೇಕು, ಮಣ್ಣು ತಳಕ್ಕೆ ಇಳಿಯುತ್ತದೆ. ಪಾತ್ರೆಯನ್ನೇ ಬಗ್ಗಿಸಿ ನೀರು ಸುರಿದರೆ ಇಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬರುತ್ತದೆ. ತೊಳೆದ ಮೇಲೆ ಹೆಚ್ಚುವುದು, ಅದೂ ದೊಡ್ಡದಾಗಿ. ಸಿ ಜೀವಸತ್ವ ಮತ್ತು ಬಿ ಗುಂಪಿನ ಜೀವಸತ್ವಗಳು, ಅದರಲ್ಲೂ ಬಸುರಿಗೆ ಬೇಕೇಬೇಕಾದ ಫೋಲೇಟ್, ನೀರಿನಲ್ಲಿ ಕರಗುವಂಥವು. ಸಣ್ಣಗೆ ಹೆಚ್ಚಿದಷ್ಟೂ ನೀರಿಗೆ ಬಿಟ್ಟುಕೊಡುವ ಬಾಯಿ ಹೆಚ್ಚು.

ಆ ನೀರು ಎಲ್ಲಿ ಹೋಗುತ್ತದೆ ಎಂಬುದೇ ಪ್ರಶ್ನೆ. ಬಸ್ಸಾರು ಕಂಡುಹಿಡಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಬಸಿದ ಕಟ್ಟನ್ನು ಸಾರಿಗೆ, ಸೊಪ್ಪು ಕಾಳನ್ನು ಪಲ್ಯಕ್ಕೆ ಎತ್ತಿಟ್ಟರು. ಚೆಲ್ಲುವುದು ಏನೂ ಉಳಿಯಲಿಲ್ಲ. ಉಪ್ಸಾರೂ ಹಾಗೇ. ಮಸ್ಸೊಪ್ಪಿನಲ್ಲಂತೂ ಬಸಿಯುವ ಮಾತೇ ಇಲ್ಲ. ತೊಂದರೆ ಬರುವುದು ಬರೀ ಪಲ್ಯ ಮಾಡುವಾಗ. ತೊಳೆದ ಸೊಪ್ಪಿಗೆ ಅಂಟಿದ ನೀರೇ ಸಾಕು, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಟ್ಟರೆ ಎಳೆ ದಂಟು, ಮೆಂತ್ಯೆ, ಸಬ್ಬಸಿಗೆ ಬೆಂದಿರುತ್ತವೆ. ಬಲಿತ ನುಗ್ಗೆಸೊಪ್ಪಿಗೆ ಕಾಲು ಲೋಟ ನೀರು ಬೇಕಾದೀತು. ಹಸಿರು ಉಳಿಯಲಿ ಎಂದೋ, ಕಾಳು ಬೇಗ ಬೇಯಲಿ ಎಂದೋ ಸೋಡಾಪುಡಿ ಹಾಕುವ ಅಭ್ಯಾಸವಿದ್ದರೆ ಅದನ್ನು ಅಲ್ಲೇ ನಿಲ್ಲಿಸಿ. ಸೋಡಾ ಬಿ-1 ಜೀವಸತ್ವವನ್ನು ಹಾಳುಮಾಡುತ್ತದೆ. ಒಗ್ಗರಣೆ ಮಾತ್ರ ಬಿಡಿಸಬೇಡಿ. ಸೊಪ್ಪಿನಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗುವ ಅಂಶ ಒಂದಿಷ್ಟು ಜಿಡ್ಡಿಲ್ಲದೆ ಮೈಗೆ ಹತ್ತುವುದಿಲ್ಲ. ನಾಲ್ಕು ಜನರ ಪಲ್ಯಕ್ಕೆ ಎರಡು ಮೂರು ಟೀ ಚಮಚ ಎಣ್ಣೆ ಸಾಕು.

ಕಬ್ಬಿಣದ ಕಥೆ ಬೇರೆ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣಕ್ಕೆ ಫೈಟೇಟ್ ಎಂಬ ಅಂಶ ಅಂಟಿಕೊಂಡು ಅದನ್ನು ಬಿಡುವುದಿಲ್ಲ. ಅದರ ಮೇಲೆ ಟೀ ಕುಡಿದರೆ ಟೀಯ ಒಗರು ಇನ್ನಷ್ಟನ್ನು ಕಟ್ಟಿಹಾಕುತ್ತದೆ. ಬಿಡಿಸುವುದು ಸಿ ಜೀವಸತ್ವ. ಇಲ್ಲೊಂದು ಮಾತು. ಪ್ರತಿ ಕಾರ್ಯಾಗಾರದಲ್ಲೂ ‘ನಿಂಬೆರಸ ಹಿಂಡಿ’ ಎನ್ನುತ್ತಾರೆ, ಇಡೀ ಪಾತ್ರೆಗೆ ಅರ್ಧ ಹೋಳು ಹಿಂಡಿ ಮುಗಿಸುತ್ತಾರೆ. ಅರ್ಧ ನಿಂಬೆಯ ರಸದಲ್ಲಿ ಸಿಗುವುದು ಹತ್ತು ಮಿಲಿಗ್ರಾಂ ಆಸುಪಾಸು, ಅದನ್ನು ನಾಲ್ಕು ಜನ ಹಂಚಿಕೊಂಡರೆ ಶಾಸ್ತ್ರಕ್ಕಾಯಿತು. ಕುದಿಯುವಾಗಲೇ ಹಿಂಡಿದರೆ ಅಷ್ಟೂ ಇಲ್ಲ. ಒಬ್ಬೊಬ್ಬರ ತಟ್ಟೆಗೆ ಅರ್ಧ ಹೋಳು, ಉಣ್ಣುವಾಗ ಹಿಂಡಿಕೊಳ್ಳಲಿ. ಅದಕ್ಕಿಂತ ಊಟದ ಜೊತೆ ಅರ್ಧ ಸೀಬೆಹಣ್ಣು ತಿಂದರೆ ನೂರು ಮಿಲಿಗ್ರಾಂ ಹತ್ತಿರ ಸಿಗುತ್ತದೆ. ಸೀಬೆ ಬಿಡುವ ಕಾಲದಲ್ಲಿ ಸೇಬಿನ ಮಾತೇ ಬೇಡ. ನೆಲ್ಲಿಕಾಯಿಯೂ ಆದೀತು. ಟೀಗೆ ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಬಿಡುವು ಕೊಡಿಸಿ. ‘ಟೀ ಬಿಡಿ’ ಅಂದರೆ ಯಾರೂ ಬಿಡುವುದಿಲ್ಲ, ‘ತಡಮಾಡಿ ಕುಡಿಯಿರಿ’ ಅಂದರೆ ಕೇಳುತ್ತಾರೆ.

ಇದನ್ನೆಲ್ಲ ಹೇಳಿದ ಮೇಲೆ ಬಸುರಿ ಹೆಣ್ಣುಮಗಳು ‘ಹಾಗಾದ್ರೆ ಮಾತ್ರೆ ಬೇಡ್ವಾ ಅಕ್ಕಾ?’ ಎಂದು ಕೇಳಿಯೇ ಕೇಳುತ್ತಾಳೆ. ಬೇಕು. ದಿನಕ್ಕೊಂದರಂತೆ 180 ದಿನ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಬಸುರಿನಲ್ಲಿ ಬೇಕಾಗುವಷ್ಟನ್ನು ಸೊಪ್ಪೊಂದೇ ತುಂಬಿಕೊಡಲಾರದು. ಆ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ. ಮಲ ಕಪ್ಪಗಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ ಎಂದು ಮುಂಚೆಯೇ ಹೇಳಿಬಿಡಿ. ಹೇಳದೆ ಬಿಟ್ಟರೆ ಅದನ್ನು ಕಂಡು ಹೆದರಿಯೇ ಮಾತ್ರೆ ಬಿಡುವವರು ಉಂಟು.

ಮಗುವಿನ ಗಂಜಿಯ ಪ್ರಾತ್ಯಕ್ಷಿಕೆಗೆ ಅರ್ಧ ಗಂಟೆ ಪೂರ್ತಿ ಕೊಡಿ. ಇಡೀ ಕಾರ್ಯಾಗಾರದಲ್ಲಿ ಜನ ಕಣ್ಣರಳಿಸಿ ನೋಡುವುದು ಇದನ್ನೇ. ಆರು ತಿಂಗಳು ತುಂಬಿದ ಮಗುವಿಗೆ ಮೇಲೂಟ ಶುರುಮಾಡುವಾಗ ನಮ್ಮಲ್ಲಿ ಆಗುವ ದೊಡ್ಡ ತಪ್ಪು, ಗಂಜಿಯನ್ನು ನೀರುನೀರಾಗಿ ಕುಡಿಸುವುದು. ‘ಗಟ್ಟಿ ಆದರೆ ಗಂಟಲಿಗೆ ಸಿಗುತ್ತೆ’ ಎಂಬ ಭಯ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು ಒಂದು ಲೋಟ, 240 ಮಿ.ಲೀ. ಆ ಲೋಟದಲ್ಲಿ ನೀರೇ ತುಂಬಿದ್ದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

40 ಗ್ರಾಂ ಸಾಮಾನ್ಯ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 250 ಮಿ.ಲೀ. ನೀರಾಗುವಂತೆ ಸೇರಿಸಿ, ತಿರುವುತ್ತಾ ಐದಾರು ನಿಮಿಷ ಬೇಯಿಸಿ. ಚಮಚ ಬಗ್ಗಿಸಿದರೆ ಬೀಳದಷ್ಟು ಗಟ್ಟಿಯಾಗುತ್ತದೆ. ಇಂಥದೇ ಎರಡು ಪಾತ್ರೆ ಮಾಡಿಕೊಳ್ಳಿ. ಎರಡನ್ನೂ ಒಲೆಯಿಂದ ಇಳಿಸಿ, ಕುದಿ ನಿಂತು ನಾಲ್ಕೈದು ನಿಮಿಷ ಆದಮೇಲೆ ಒಂದಕ್ಕೆ ಮೊಳಕೆ ರಾಗಿಯ ಹಿಟ್ಟು ಒಂದು ಟೀ ಚಮಚ ಹಾಕಿ ತಿರುವಿ. ಮೊದಲ ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಚಮಚದ ಸುತ್ತ ಸಡಿಲಾಗುತ್ತದೆ. ಐದರಿಂದ ಹತ್ತು ನಿಮಿಷದೊಳಗೆ ಗಂಜಿ ಚಮಚದಿಂದ ಧಾರೆಯಾಗಿ ಇಳಿಯುತ್ತದೆ. ನೀರು ಹಾಕಿಲ್ಲ, ಎಲ್ಲರೂ ನೋಡಿದ್ದಾರೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಹಿಟ್ಟಿನ ಪಿಷ್ಟವನ್ನು ತುಂಡರಿಸಿದೆ. ಈಗ ಎರಡನೇ ಪಾತ್ರೆಯನ್ನು ಅದೇ ಹದಕ್ಕೆ ತರಲು ಎಷ್ಟು ಬಿಸಿನೀರು ಬೇಕೆಂದು ಲೋಟದಲ್ಲಿ ಅಳೆಯುತ್ತಾ ಸುರಿಯಿರಿ, ಒಬ್ಬರು ಎಣಿಸಲಿ. ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟು ಕೇಳಿ: ನಿಮ್ಮ ಮಗು ಕುಡಿಯುವುದು ಒಂದೇ ಲೋಟ, ಯಾವುದು ಕೊಡುತ್ತೀರಿ? ಮೊದಲನೆಯದರಲ್ಲಿ 40 ಗ್ರಾಂ ರಾಗಿ ಇದೆ, ಎಂದರೆ ಸುಮಾರು 130 ಕ್ಯಾಲೊರಿ. ತೆಳು ಮಾಡಿದ್ದರ ಒಂದು ಲೋಟದಲ್ಲಿ ಅದರ ಅರ್ಧವೂ ಇರಲಿಕ್ಕಿಲ್ಲ. ಕೊನೆಗೆ ಗಂಜಿಯನ್ನು ಮತ್ತೆ ಒಲೆಯ ಮೇಲಿಟ್ಟು ಎರಡು ನಿಮಿಷ ಕುದಿಸಬೇಕು. ಆಮೇಲೆ ಸೇರಿಸಿದ ಹಿಟ್ಟು ಹಸಿಯದು, ಕುದಿಸದೆ ಮಗುವಿಗೆ ಕೊಡಬಾರದು. ಒಂದು ಚಮಚ ತುಪ್ಪ ಬೆರೆಸಿದರೆ ಇನ್ನೂ 45 ಕ್ಯಾಲೊರಿ. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಬೆಲ್ಲ ಸೇರಿಸದಿರುವುದೇ ಒಳ್ಳೆಯದು. ಗಂಜಿಯೊಂದರಲ್ಲೇ ನಿಲ್ಲಬೇಡಿ: ಮಸೆದ ಬೇಳೆ, ಮೊಟ್ಟೆ, ಬೆಂದ ಸಿಹಿಗುಂಬಳ ಎಲ್ಲ ಬರಲಿ.

ಈ ಪ್ರಾತ್ಯಕ್ಷಿಕೆ ಕೈಕೊಡುವುದೂ ಉಂಟು, ಕಾರಣ ಹೆಚ್ಚಾಗಿ ಹಿಟ್ಟಿನದು. ರಾಗಿ ಕಲ್ಲು ಆರಿಸಿ, ತೊಳೆದು, 10-12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ 24ರಿಂದ 36 ಗಂಟೆ ಇಟ್ಟರೆ ಬಿಳಿ ಮೊಳಕೆ ಬರುತ್ತದೆ. ದೊಡ್ಡ ಗಂಟು ಕಟ್ಟಿದರೆ ಒಳಗೆ ಕಾವು ಕೂತು ಹುಳಿ ವಾಸನೆ ಬರುತ್ತದೆ, ಸಣ್ಣ ಗಂಟುಗಳೇ ಸರಿ. ತೆಳ್ಳಗೆ ಹರಡಿ ಒಂದೇ ದಿನದಲ್ಲಿ ಒಣಗಬೇಕು. ಮಳೆಗಾಲದಲ್ಲಿ ಎರಡು ಮೂರು ದಿನ ಎಳೆದರೆ ಬೂಷ್ಟು ಹಿಡಿಯುತ್ತದೆ, ಆ ರಾಗಿಯನ್ನು ‘ಹುರಿದರೆ ಹೋಗುತ್ತೆ’ ಎಂದು ಉಳಿಸಿಕೊಳ್ಳಬೇಡಿ. ಬೂಷ್ಟಿನ ವಿಷ ಹುರಿದರೆ ಹೋಗುವಂಥದ್ದಲ್ಲ. ಇನ್ನು, ಘಮ ಬರಲಿ ಎಂದು ಚೆನ್ನಾಗಿ ಹುರಿದ ಮೊಳಕೆ ಹಿಟ್ಟು ಗಂಜಿ ಕಾಯಿಸಿ ಕೊಡಲು ಅಡ್ಡಿಯಿಲ್ಲ, ಆದರೆ ಈ ಕೆಲಸಕ್ಕೆ ಬರುವುದಿಲ್ಲ. ಹುರಿದಾಗಲೇ ಕಿಣ್ವ ಸತ್ತಿರುತ್ತದೆ. ಕುದಿಯುತ್ತಿರುವ ಗಂಜಿಗೆ ಹಾಕಿದರೂ ಅಷ್ಟೇ. ಆದ್ದರಿಂದ ಹುರಿಯದ ಮೊಳಕೆ ಹಿಟ್ಟು ಒಂದು ಸಣ್ಣ ಡಬ್ಬಿ ಬೇರೆಯೇ ಇರಲಿ, ಮಿಲ್ಲಿಗೆ ಹೋಗಬೇಕಿಲ್ಲ, ಮಿಕ್ಸಿ ಸಾಕು. ಮಿಲ್ಲಿನಲ್ಲಿ ಹಿಂದಿನವರ ಮೆಣಸಿನಕಾಯಿ ಘಾಟು ನಿಮ್ಮ ಹಿಟ್ಟಿಗೆ ಬರುವುದು ಬೇರೆ.

ಉತ್ತರ ಕರ್ನಾಟಕದವರಿಗೆ ಒಂದು ಎಚ್ಚರಿಕೆ. ರಾಗಿ ಬದಲು ಜೋಳ ಮೊಳಕೆ ಕಟ್ಟಿ ಮಗುವಿಗೆ ಹಿಟ್ಟು ಮಾಡಬೇಡಿ. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ನಿಮಗೇ ಗೊತ್ತಿದೆಯಲ್ಲ, ಅದೇ ವಿಷ. ರೊಟ್ಟಿಗೆ ಬಳಸುವ ಒಣ ಜೋಳಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಎಣ್ಣೆ ಉಪ್ಪಿಗೆ ಪ್ರಾತ್ಯಕ್ಷಿಕೆ ಬೇಡ, ಲೆಕ್ಕ ಸಾಕು. ‘ಕಡಿಮೆ ಮಾಡಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏಕೆಂದರೆ ಎಲ್ಲರ ಮನೆಯಲ್ಲೂ ಈಗಾಗಲೇ ಕಡಿಮೆಯೇ! ತಿಂಗಳ ಸಾಮಾನಿನ ಚೀಟಿ ತೆಗೆಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ತುಪ್ಪ ಎಂದಿದೆ, ಅಂದರೆ ಸುಮಾರು ಆರು ಟೀ ಚಮಚ. ನಾಲ್ಕು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ ಮೂರೂವರೆ ಲೀಟರು ಚಿಲ್ಲರೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ನಾಲ್ಕು ಜನಕ್ಕೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ಬೇರೆ ತಿನ್ನುತ್ತಿದ್ದರೆ ಇನ್ನೂ ಹೆಚ್ಚು ದಿನ. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಲು ಹೇಳಿ, ಅಷ್ಟೇ ಪಾಠ. ಅಯೋಡಿನ್ ಉಪ್ಪನ್ನು ಒಲೆ ಪಕ್ಕ ತೆರೆದಿಡುವುದು ಬೇಡ, ಕಾವಿಗೆ ತೇವಕ್ಕೆ ಅಯೋಡಿನ್ ಕಡಿಮೆಯಾಗುತ್ತದೆ.

ಪಡಿತರದಲ್ಲಿ ಬಂದ ಸಾರವರ್ಧಿತ ಅಕ್ಕಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ‘ಪ್ಲಾಸ್ಟಿಕ್ ಅಕ್ಕಿ ಬಂದಿದೆ, ನೀರಲ್ಲಿ ತೇಲುತ್ತೆ’ ಎಂದು ಆರಿಸಿ ಎಸೆದವರು ಎಷ್ಟೋ ಮಂದಿ. ಸಿಟ್ಟಾಗಬೇಡಿ, ತೇಲುವುದು ನಿಜ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ ಯಂತ್ರದಲ್ಲಿ ಅಕ್ಕಿಯಾಕಾರಕ್ಕೆ ಒತ್ತಿದ ಕಾಳು ಅದು, ಬೇರೆ ಅಕ್ಕಿಗಿಂತ ಹಗುರ, ಬಣ್ಣವೂ ಸ್ವಲ್ಪ ಬೇರೆ. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಹತ್ತು ಕಾಳು ಆರಿಸಿ ಬಟ್ಟಲಲ್ಲಿ ನೆನೆಸಿ, ಅವರ ಬೆರಳಿಂದಲೇ ಹಿಸುಕಿಸಿ. ಹಿಟ್ಟಾಗುತ್ತದೆ, ಪ್ಲಾಸ್ಟಿಕ್ ಆದರೆ ಹಿಟ್ಟಾಗುತ್ತಿರಲಿಲ್ಲ. ತೇಲಿದ್ದನ್ನು ನೀರಿನ ಜೊತೆ ಚೆಲ್ಲದಂತೆ, ಅಕ್ಕಿಯನ್ನು ಮೂರು ನಾಲ್ಕು ಸಲ ಉಜ್ಜಿ ತೊಳೆಯದಂತೆ, ಗಂಜಿ ಬಸಿಯದೆ ನೀರು ಇಂಗುವಂತೆ ಮಾಡಲು ಹೇಳಿ.

ರುಚಿ ನೋಡುವ ಹೊತ್ತಿಗೆ ಎಲ್ಲರ ಕೈ ಸೋಪಿನಲ್ಲಿ ತೊಳೆಸಿ. ಗಂಜಿ ಬಗ್ಗೆ ಒಂದು ಗಂಟೆ ಮಾತಾಡಿ, ಒಂದೇ ಚಮಚ ಹತ್ತು ಬಾಯಿಗೆ ಹೋದರೆ ಅವರು ಕಲಿಯುವುದು ಅದನ್ನೇ.

ಹದಿನೈದು ದಿನ ಬಿಟ್ಟು ಆ ಬೀದಿಗೆ ಮತ್ತೆ ಹೋಗಿ. ‘ಹೇಳಿಕೊಟ್ಟದ್ದು ಮಾಡ್ತಿದ್ದೀರಾ?’ ಎಂದು ಕೇಳಬೇಡಿ. ‘ಹೂಂ ಮೇಡಂ, ದಿನಾ ಮಾಡ್ತೀವಿ’ ಅನ್ನುತ್ತಾರೆ, ಟೀ ಬೇರೆ ಕೊಡುತ್ತಾರೆ. ಉಪ್ಪಿನ ಪೊಟ್ಟಣದ ಮೇಲಿನ ತಾರೀಕು ನೋಡಿ. ಮಗು ನಿನ್ನೆ ಏನು ತಿಂದಿತು ಎಂದು ಅಜ್ಜಿಯನ್ನು ಕೇಳಿ. ಮೊಳಕೆ ಹಿಟ್ಟಿನ ಡಬ್ಬಿ ತರಿಸಿ. ಡಬ್ಬಿ ಇದ್ದರೆ ಮುಚ್ಚಳ ತೆಗೆದು ಮೂಸಿ, ಮುಗ್ಗಲು ವಾಸನೆ ಬಂದರೆ ಅಲ್ಲೇ ಚೆಲ್ಲಿಸಿ, ಒಂದು ಪಾವು ರಾಗಿ ಮತ್ತೆ ನೆನೆಹಾಕಿಸಿ ಎದ್ದು ಬನ್ನಿ.